ಒಂದು ಲೋಟ ನೀರು ಮುಗಿಯುವ ತನಕ

ಖಾಜಾ ಸರ್ ಕ್ಲಾಸಿಗೆ ಬಂದರೆ ಮೊದಲು ಹೋಗುತ್ತಿದ್ದುದು ಬೋರ್ಡಿನ ಕಡೆಗಲ್ಲ, ಕಿಟಕಿಯ ಕಡೆಗೆ. ಹಾಜರಿ ಪುಸ್ತಕವನ್ನು ಎದೆಗವಚಿಕೊಂಡು, ಕತ್ತನ್ನು ಮಾತ್ರ ಹೊರಚಾಚಿ, ಕಾಲೇಜಿನ ಗೇಟಿನಲ್ಲಿ ಯಾರು ನಿಂತಿದ್ದಾರೆ ಅಂತ ನೋಡುವರು. ಬೇವಿನ ಮರದ ಕೆಳಗೆ ಶೇಂಗಾ ಮಾರುವ ಮುದುಕಿಯೊಬ್ಬಳೇ ಇದ್ದರೆ ಮುಖ ಸಡಿಲಾಗುತ್ತಿತ್ತು. ಗುರುತಿಲ್ಲದ ಜೀಪು ಕಂಡರೆ ಮುಗಿಯಿತು. ಆ ಜೀಪು ಹೋಗುವವರೆಗೂ ರಾಜ್ಯದ ನಾಲ್ಕು ಮೂಲಾಂಶಗಳಲ್ಲಿ ಎರಡನೆಯದು ರಾಜ್ಯಶಾಸ್ತ್ರ ಕಲಿಸುವ ಅವರಿಗೆ ನೆನಪಾಗುತ್ತಿರಲಿಲ್ಲ.

ಅಷ್ಟು ಅಂಜುವ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ತಂತಿ ಕೊಡುವ ಹುಡುಗ ಸೈಕಲ್ಲಿನಲ್ಲಿ ಬಂದರೆ ಅಂಜುತ್ತಿದ್ದರು. ಪ್ರಿನ್ಸಿಪಾಲರ ಜವಾನ ಬಂದು 'ಕರೀತಾರ್ರಿ' ಅಂದರೆ, ಯಾಕೆಂದು ಕೇಳುವ ಮೊದಲೇ ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ಹುಡುಗರು ಹಿಂದಿನಿಂದ ನಗುತ್ತಿದ್ದರು. ಅದು ಅವರಿಗೆ ಗೊತ್ತೂ ಇತ್ತು. ಬಿ.ಎ. ಮೊದಲ ವರ್ಷದ ಮೊದಲ ಪಾಠದಲ್ಲೇ ತಮ್ಮ ಗುಟ್ಟನ್ನು ತಾವೇ ಹೇಳಿಬಿಟ್ಟಿದ್ದರು: "ನೋಡ್ರೆಪಾ, ನಾ ಅಂಜುಬುರುಕ ಮನುಷ್ಯಾ. ಅಂಜಿಕಿ ನನ್ನ ಸಂಗಾಟ ದಿನಾ ಕ್ಲಾಸಿಗಿ ಬರ್ತದ. ಬರಲಿ, ಅದಕ್ಕೂ ಒಂದು ಕಡಿ ಜಾಗಾ ಕೊಟ್ಟು ಕೂಡಸೋಣು. ಆದ್ರ ಪಾಠ ಅದರ ಕೈಲೆ ಮಾಡಸಂಗಿಲ್ಲ."

ನಾನು ಮಾನ್ವಿ ತಾಲೂಕಿನ ಕಲ್ಲೂರಿನವಳು. ನಮ್ಮ ಮನೆಯಲ್ಲಿ ಮೆಟ್ರಿಕ್ ದಾಟಿದ ಮೊದಲ ಹೆಣ್ಣು. ರಾಯಚೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಓದುತ್ತಿದ್ದೆ. ಏನಾದರೂ ಹೆಚ್ಚುಕಮ್ಮಿ ಸುದ್ದಿ ಬಂದರೆ ಅದೇ ದಿನದ ಬಸ್ಸಿಗೆ ಊರು ಅಂತ ಅಪ್ಪ ಮೊದಲೇ ಹೇಳಿ ಕಳಿಸಿದ್ದ. ರಾಜ್ಯಶಾಸ್ತ್ರ ತೆಗೆದುಕೊಂಡಿದ್ದು ಆಸೆಯಿಂದಲ್ಲ. ಆ ವಿಷಯದ ಕ್ಲಾಸುಗಳು ಮಧ್ಯಾಹ್ನದೊಳಗೆ ಮುಗಿದು, ಬೆಳಕಿರುವಾಗಲೇ ಮನೆ ಸೇರಬಹುದು ಅನ್ನುವ ಕಾರಣಕ್ಕೆ. ಹೀಗೆ ನಾನೂ ಅಂಜುಬುರುಕಳೇ. ಅದಕ್ಕೇ ಇರಬೇಕು, ಖಾಜಾ ಸರ್ ನನಗೆ ಬೇಗ ಅರ್ಥವಾದರು.

ಕೋಟೆಯೊಳಗಿನ ಓಣಿಯೊಂದರಲ್ಲಿ ಅವರ ಬಾಡಿಗೆ ಮನೆ. ಪುಸ್ತಕ ಕೇಳಲು ಆಗಾಗ ಹೋಗುತ್ತಿದ್ದೆ. ಅವರ ಹೆಂಡತಿ ಜೈನಬ್ಬಿ, ನಾವೆಲ್ಲ ಆಪಾ ಅನ್ನುತ್ತಿದ್ದೆವು, ದಖನಿಯಲ್ಲಿ ಮಕ್ಕಳನ್ನು ಗದರುತ್ತ, ಕನ್ನಡದಲ್ಲಿ ನನ್ನನ್ನು ಮಾತಾಡಿಸುತ್ತ, ಎರಡೂ ಒಟ್ಟಿಗೆ ನಡೆಸುತ್ತಿದ್ದರು. ಆ ಮನೆಯ ಬಾಗಿಲಿಗೆ ಒಂದು ದೊಡ್ಡ ಕಬ್ಬಿಣದ ಕೊಂಡಿ. ನಾನು ಒಳಗೆ ಕಾಲಿಟ್ಟ ಕೂಡಲೇ ಸರ್ ಅದನ್ನು ಹಾಕುವರು. ಮಾತಿನ ನಡುವೆ ಎದ್ದು ಹೋಗಿ, ಹಾಕಿದೆಯೋ ಇಲ್ಲವೋ ಅಂತ ಮುಟ್ಟಿ ನೋಡುವರು. ಚಹಾ ಕುಡಿದು ಮತ್ತೆ ಎದ್ದು ಮುಟ್ಟುವರು.

ಒಮ್ಮೆ ಅವರು ಪುಸ್ತಕ ಹುಡುಕಲು ಒಳಗೆ ಹೋದಾಗ ಆಪಾ ಅದರ ಕಾರಣ ಹೇಳಿದರು. ನಿಜಾಮನ ರಾಜ್ಯದ ಮೇಲೆ ಪೊಲೀಸ್ ಆಕ್ಷನ್ ಆದ ವರ್ಷ ಸರ್ ಇನ್ನೂ ಮಾನ್ವಿಯಲ್ಲಿ ಶಾಲೆಗೆ ಹೋಗುವ ಹುಡುಗ. ಅವರ ಅಬ್ಬಾ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟವರು, ಯಾರ ತಂಟೆಗೂ ಹೋದವರಲ್ಲ. ಒಂದು ಸಂಜೆ ಯಾರೋ ಬಂದು ಮನೆಯಿಂದ ಕರೆದುಕೊಂಡು ಹೋದರು. ತಿರುಗಿ ಬಂದದ್ದು ತಿಂಗಳುಗಟ್ಟಲೆ ಆದ ಮೇಲೆ. ಬಂದವರು ಮತ್ತೆ ಅಂಗಡಿಯ ಗಾದಿ ಹತ್ತಲಿಲ್ಲ. ಆ ಸಂಜೆ ಬಾಗಿಲ ಕೊಂಡಿ ಹಾಕುವ ಕೆಲಸ ಹುಡುಗನಾದ ಖಾಜಾನದಾಗಿತ್ತಂತೆ. "ಹಾಕಿದ್ರೂ ಬರೋರು ಬರ್ತಿದ್ರವ್ವಾ," ಅಂದರು ಆಪಾ. "ಇವ್ರಿಗೆ ಹೇಳಿ ಹೇಳಿ ನನಗ ಸಾಕಾಗ್ಯದ."

ಇಂಥ ಮನುಷ್ಯ ಶನಿವಾರ ಮಾತ್ರ ಬೇರೆಯೇ ಆಗುತ್ತಿದ್ದರು. ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಪಾಠವಿಲ್ಲ, ಸಭೆ. ಟೇಬಲನ್ನು ಎಳೆದು ಮಧ್ಯಕ್ಕಿಟ್ಟು ಅದರ ಹಿಂದೆ ಸಭಾಧ್ಯಕ್ಷರ ಕುರ್ಚಿ. ಬಲಗಡೆಯ ಬೆಂಚುಗಳಲ್ಲಿ ಆಳುವ ಪಕ್ಷ, ಎಡಗಡೆಯಲ್ಲಿ ವಿರೋಧ ಪಕ್ಷ. ಈ ವಾರ ಆಳಿದವರು ಬರುವ ವಾರ ಎಡಕ್ಕೆ ಹೋಗಲೇಬೇಕು. ಕಾಲುವೆಯ ಕೊನೆ ಭಾಗಕ್ಕೆ ನೀರು, ಹಾಸ್ಟೆಲಿನ ನಲ್ಲಿ, ಬಸ್ ನಿಲ್ದಾಣದಲ್ಲಿ ಹೆಣ್ಣುಮಕ್ಕಳಿಗೆ ನೆರಳು, ಹೀಗೆ ಯಾವುದಾದರೊಂದು ಮಸೂದೆ. ಸಭಾಧ್ಯಕ್ಷರ ಕುರ್ಚಿಯಲ್ಲಿ ಅವರು ನನ್ನನ್ನು ಕೂರಿಸಿದರು. ಓಣಿಯಲ್ಲಿ ಎದುರಾದರೆ ಹಾಡು ಗುನುಗುತ್ತಿದ್ದ ಹುಡುಗರೇ ಇಲ್ಲಿ ಕೈಕಟ್ಟಿ 'ಮಾನ್ಯ ಸಭಾಧ್ಯಕ್ಷರೇ' ಅನ್ನಬೇಕಾಯಿತು. ಆ ಒಂದು ತಾಸಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ಸಭೆಗೆ ಅವರದೇ ಒಂದು ನಿಯಮವಿತ್ತು, ಯಾವ ಪಠ್ಯಪುಸ್ತಕದಲ್ಲೂ ಇಲ್ಲದ್ದು. ಸಭಾಧ್ಯಕ್ಷರು ವಿರೋಧ ಪಕ್ಷದ ನಾಯಕರನ್ನು ಹೆಸರು ಹಿಡಿಯದೆ, ಗೌರವದಿಂದ ಕರೆಯಬೇಕು. ಕರೆದ ಮೇಲೆ ಮೂಲೆಯ ಗಡಿಗೆಯಿಂದ ತುಂಬಿಸಿಟ್ಟ ಸ್ಟೀಲಿನ ಲೋಟ ಎತ್ತಿ, ನಿಧಾನಕ್ಕೆ ನೀರು ಕುಡಿಯಬೇಕು. ಆ ಲೋಟ ಖಾಲಿಯಾಗುವ ತನಕ ಮಾತು ವಿರೋಧ ಪಕ್ಷದ್ದು. ಯಾರೂ ನಡುವೆ ಬಾಯಿ ಹಾಕುವಂತಿಲ್ಲ, ಸಭಾಧ್ಯಕ್ಷರಂತೂ ಹಾಕುವ ಹಾಗೇ ಇಲ್ಲ, ಬಾಯಿ ತುಂಬ ನೀರಿರುತ್ತದಲ್ಲ! ರಾಯಚೂರಿನ ಸೆಕೆಯಲ್ಲಿ ಗಟಗಟ ಕುಡಿಯುವ ಆಸೆಯಾದರೂ ತಡೆದುಕೊಂಡು ಗುಟುಕು ಗುಟುಕಾಗಿ ಕುಡಿಯುವುದನ್ನು ನಾನು ಅಲ್ಲಿ ಕಲಿತೆ.

ನಾನು ಎರಡನೇ ವರ್ಷಕ್ಕೆ ಬಂದಾಗ ತುರ್ತು ಪರಿಸ್ಥಿತಿ ಬಂತು. ಬೇಸಿಗೆ ರಜೆ ಮುಗಿಸಿ ಕಾಲೇಜಿಗೆ ಬಂದರೆ ನೋಟಿಸ್ ಬೋರ್ಡಿನ ಮೇಲೆ ಪ್ರಿನ್ಸಿಪಾಲರ ನೋಟಿಸು: ಕಾಲೇಜಿನ ಆವರಣದಲ್ಲಿ ಭಾಷಣ, ಘೋಷಣೆ ಕೂಡದು. ವಿರೋಧ ಪಕ್ಷದ ದೊಡ್ಡ ದೊಡ್ಡವರೆಲ್ಲ ಜೈಲಿನಲ್ಲಿದ್ದಾರೆ ಅಂತ ಜನ ಚಹಾ ಅಂಗಡಿಯಲ್ಲಿ ದನಿ ತಗ್ಗಿಸಿ ಹೇಳುತ್ತಿದ್ದರು. ನಮ್ಮ ಪಾಲಿಗೆ ಆ ವರ್ಷ ಬಂದ ಅಧ್ಯಾಯವೆಂದರೆ ಮೂಲಭೂತ ಹಕ್ಕುಗಳು. ಬೇರೆ ಅಧ್ಯಾಪಕರು, ಅದನ್ನು ಹಾರಿಸಿ ಮುಂದಕ್ಕೆ ಹೋಗಿ ಅಂತ ಖಾಜಾ ಸರ್‌ಗೆ ಬುದ್ಧಿ ಹೇಳಿದರಂತೆ. ಅವರು ಕಿಟಕಿಯಲ್ಲಿ ನೋಡಿದರು, ಕರ್ಚೀಫಿನಿಂದ ಕತ್ತು ಒರೆಸಿಕೊಂಡರು, ಆಮೇಲೆ, ವಿಶ್ವವಿದ್ಯಾಲಯ ಸಿಲಬಸ್ ಬದಲಿಸಿದ ಸುದ್ದಿ ತಮಗೆ ಬಂದಿಲ್ಲ, ಪರೀಕ್ಷೆಯಲ್ಲಿ ಪ್ರಶ್ನೆ ಬಂದೇ ಬರುತ್ತದೆ ಅಂತ ಹೇಳಿ ಪಾಠ ಶುರುಮಾಡಿದರು. ಬೋರ್ಡಿನ ಮೇಲೆ ಬರೆದ ಅಕ್ಷರಗಳು ನಡುಗಿ ಸೊಟ್ಟಗಾಗಿದ್ದವು. ಆದರೆ ಒಂದು ಹಕ್ಕನ್ನೂ ಅವರು ಬಿಡಲಿಲ್ಲ.

ಶನಿವಾರ ಬಂತು. ಸಭೆ ಇರುವುದಿಲ್ಲ ಅಂತ ನಾವು ಪುಸ್ತಕ ಕಟ್ಟಿಕೊಳ್ಳುತ್ತಿದ್ದೆವು. ಸರ್ ಟೇಬಲ್ ಎಳೆಯತೊಡಗಿದರು. ಎಡಗಡೆ ಕೂತಿದ್ದವರನ್ನೆಲ್ಲ ಎಬ್ಬಿಸಿ ಬಲಕ್ಕೆ ಕಳಿಸಿದರು. ಎಡಗಡೆಯ ಬೆಂಚುಗಳು ಖಾಲಿಯಾದವು.

"ನೋಟಿಸು ನಾ ಮತ್ತ ಮತ್ತ ಓದೀನಿ," ಅಂದರು. "ಭಾಷಣ ಮಾಡಬ್ಯಾಡ್ರಿ ಅಂತದ. ಸುಮ್ಮ ಕೂಡಬ್ಯಾಡ್ರಿ ಅಂತ ಇಲ್ಲ. ವಿರೋಧ ಪಕ್ಷದವ್ರು ಇವತ್ತು ಬಂದಿಲ್ಲ. ಅವ್ರ ಬೆಂಚು ಹಂಗ ಇರಲಿ. ಶರಣವ್ವಾ, ಕರಿಯೋದು ಕರೀರಿ, ನೀರು ಕುಡಿಯೋದು ಕುಡೀರಿ."

ನಾನು ಕರೆದೆ. ಯಾರೂ ಏಳಲಿಲ್ಲ. ಲೋಟ ಎತ್ತಿದೆ. ಅಷ್ಟು ದೀರ್ಘವಾದ ಲೋಟವನ್ನು ನಾನು ಅದಕ್ಕೂ ಮೊದಲು ಕುಡಿದಿರಲಿಲ್ಲ. ಇಡೀ ಕ್ಲಾಸು ಆ ಖಾಲಿ ಬೆಂಚನ್ನೇ ನೋಡುತ್ತ ಕೂತಿತ್ತು. ಹೊರಗೆ ಶೇಂಗಾ ಮುದುಕಿ ಯಾರನ್ನೋ ಬೈಯುತ್ತಿದ್ದುದು ಸ್ಪಷ್ಟವಾಗಿ ಕೇಳಿಸಿತು. ಲೋಟ ಖಾಲಿಯಾಯಿತು, ಮಸೂದೆ ಅವಿರೋಧವಾಗಿ ಪಾಸಾಯಿತು. ಪ್ರಜಾಪ್ರಭುತ್ವದ ಬಗ್ಗೆ ಆಮೇಲೆ ಧಾರವಾಡದಲ್ಲಿ ಎಂ.ಎ. ಓದುವಾಗ ಬಹಳಷ್ಟು ಕೇಳಿದೆ. ಆ ಲೋಟದಷ್ಟು ಯಾವುದೂ ನನಗೆ ತಟ್ಟಲಿಲ್ಲ.

ಪ್ರತಿ ಶನಿವಾರ ಹೀಗೇ ನಡೆಯಿತು. ಸುದ್ದಿ ಹರಡಿ, ವಿಜ್ಞಾನ ವಿಭಾಗದ ಹುಡುಗರೂ ಬಂದು ವರಾಂಡದಲ್ಲಿ ನಿಂತು ನಮ್ಮ ಮೌನವನ್ನು ಕೇಳಿ ಹೋಗತೊಡಗಿದರು. ಖಾಜಾ ಸರ್ ಕಿಟಕಿಗೆ ಹೋಗುವುದು ಹೆಚ್ಚಾಯಿತು. ಊಟ ಸೇರುತ್ತಿಲ್ಲ ಅಂತ ಆಪಾ ನನ್ನ ಮುಂದೆ ಕಣ್ಣೀರು ಹಾಕಿದರು. ಬೆಳೆದು ನಿಂತ ಹೆಣ್ಣುಮಕ್ಕಳು, ಮಾನ್ವಿಯಲ್ಲಿ ಹಾಸಿಗೆ ಹಿಡಿದ ತಾಯಿ, ಎಲ್ಲ ಆ ಒಂದು ನೌಕರಿಯ ಮೇಲೇ ನಿಂತಿತ್ತು. 'ಒಂದು ವಾರ ಬಿಡ್ರಿ ಅಂದ್ರ, ಬಿಟ್ರ ಮತ್ತ ಹಿಡಿಯಾಕ ಧೈರ್ಯ ಬರಂಗಿಲ್ಲ ಅಂತಾರವ್ವಾ,' ಅಂತ ಆಪಾ ಹೇಳಿದರು. ನನಗೂ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ. ಹೆಸರು ಹೊರಗೆ ಬಂದರೆ ಕಲ್ಲೂರಿನ ಬಸ್ಸು ನನಗಾಗಿ ಕಾದಿದೆ ಅಂತ ಗೊತ್ತಿತ್ತು.

ಒಂದು ಶನಿವಾರ ಸಭೆ ಶುರುವಾಗುವ ಹೊತ್ತಿಗೆ ಜವಾನನ ಹಿಂದೆ ಒಬ್ಬ ಮನುಷ್ಯ ಬಂದ. ಬಿಳಿ ಅಂಗಿ, ಬೂದು ಪ್ಯಾಂಟು, ಕತ್ತರಿಸಿದ ಕ್ರಾಪು. ಪ್ಯಾಂಟಿನ ಕೆಳಗೆ ಮಾತ್ರ ಪಾಲಿಶು ಮಾಡಿದ, ಪೊಲೀಸ್ ಇಲಾಖೆಯ ಕೆಂಪು ಬೂಟು. ಸುಮ್ಮನೆ ಪಾಠ ಕೇಳಲು ಬಂದೆ ಅಂದ. ಕ್ಲಾಸು ಕಿಕ್ಕಿರಿದು ತುಂಬಿತ್ತು. ಆತ ಸುತ್ತ ನೋಡಿ, ಇಷ್ಟು ಮಂದಿ ಒತ್ತಿಕೊಂಡು ಕೂತಿರುವಾಗ ಆ ಬೆಂಚುಗಳು ಯಾಕೆ ಖಾಲಿ ಇವೆ ಅಂತ ಯೋಚಿಸುವ ಗೋಜಿಗೆ ಹೋಗದೆ, ನೇರ ಹೋಗಿ ವಿರೋಧ ಪಕ್ಷದ ನಾಯಕರ ಜಾಗದಲ್ಲಿ ಕೂತುಬಿಟ್ಟ.

ಆಳುವ ಪಕ್ಷದ ಮಂತ್ರಿಯಾಗಿದ್ದ ಮಸರಕಲ್ಲಿನ ಭೀಮಣ್ಣ, ಕುರುಬರ ಹುಡುಗ, ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿ ಗಂಟಲಿನವನು, ಆ ದಿನ ಮಸೂದೆಯನ್ನು ಕಿವಿಗೆ ಬೀಳದ ಹಾಗೆ ಓದಿ ಕೂತ. ಇನ್ನು ನಾನು ಕರೆಯಬೇಕು. ಕರೆದರೆ ಏನಾಗುತ್ತದೋ, ಕರೆಯದಿದ್ದರೆ ಇಷ್ಟು ವಾರ ಮಾಡಿದ್ದಕ್ಕೆ ಅರ್ಥವೇನು? ಸರ್ ಮುಖ ನೋಡಿದೆ. ಹಣೆಯಿಂದ ಬೆವರು ಇಳಿದು ಗಡ್ಡದಲ್ಲಿ ನಿಂತಿತ್ತು. ಅವರು ಗಡಿಗೆಯ ಹತ್ತಿರ ಹೋಗಿ, ಲೋಟ ತುಂಬಿ, ಎರಡೂ ಕೈಯಲ್ಲಿ ಹಿಡಿದು ತಂದು ನನ್ನ ಮುಂದಿಟ್ಟರು. ದಾರಿಯುದ್ದ ನೀರು ಚೆಲ್ಲಿತು.

"ವಿರೋಧ ಪಕ್ಷದ ಮಾನ್ಯ ನಾಯಕರು ಮಾತನಾಡಬೇಕು," ಅಂದೆ ನಾನು. ಲೋಟವನ್ನು ತುಟಿಗಿಟ್ಟೆ.

ಎಲ್ಲರ ಕಣ್ಣು ಎಂದಿನಂತೆ ಆ ಬೆಂಚಿನ ಕಡೆ ಹೋಯಿತು. ಆತ ಹಿಂದೆ ತಿರುಗಿ ನೋಡಿದ. ಹಿಂದೆ ಗೋಡೆ. ಕರೆದದ್ದು ತನ್ನನ್ನೇ ಅಂದುಕೊಂಡ. ಎದ್ದು ನಿಂತ, ಸೆಲ್ಯೂಟು ಮಾಡಲು ಎತ್ತಿದ ಕೈಯನ್ನು ಅರ್ಧಕ್ಕೇ ಇಳಿಸಿದ.

"ನನಗ ಮಾತಾಡಾಕ ಬರಂಗಿಲ್ರಿ," ಅಂದ. ಯಾರೂ ಏನೂ ಅನ್ನಲಿಲ್ಲ, ನಿಯಮ ಹಾಗಿತ್ತು. ಆತ ಕಾದ, ನಾವೂ ಕಾದೆವು. ಆ ಮೌನ ಅವನನ್ನು ದೂಡಿತೋ, ಇಷ್ಟು ಜನ ತನ್ನ ಬಾಯಿಯನ್ನೇ ನೋಡುತ್ತಿರುವುದು ಅವನಿಗೆ ಹೊಸದಾಗಿತ್ತೋ, ದನಿ ತಗ್ಗಿಸಿ ಹೇಳಿದ: "ನಾ ಅರಕೇರಾದಾವ. ನಮ್ಮ ಓಣ್ಯಾಗಿನ ಬೋರಿಂಗ್ ಕೆಟ್ಟು ಬ್ಯಾಸಿಗಿ ಹೋಗಿ ಮಳಿಗಾಲ ಬಂತು. ನಮ್ಮವ್ವ ಮುದುಕಿ, ಹೊಲದ ಬಾವಿಯಿಂದ ಹೊತ್ತು ತರ್ತಾಳ. ಅರ್ಜಿ ಕೊಟ್ರ, ಈಗಿನ ದಿನದಾಗ ಯಾರೂ ಏನೂ ಕೇಳಬ್ಯಾಡ್ರಿ ಅಂತಾರ. ಕುಡಿಯೋ ನೀರು ಕೇಳೋದೂ ತಪ್ಪೇನ್ರಿ?"

ಕೂತ. ಲೋಟದಲ್ಲಿ ಇನ್ನೂ ನೀರಿತ್ತು. ಅದನ್ನು ಕುಡಿದು ಮುಗಿಸಿದೆ, ಸೆರಗೆಲ್ಲ ಒದ್ದೆಯಾಯಿತು. ನಿಯಮದ ಪ್ರಕಾರ ಮಂತ್ರಿ ಉತ್ತರ ಕೊಡಬೇಕು. ಭೀಮಣ್ಣ ಎದ್ದು, ಗಂಟಲು ಸರಿಮಾಡಿಕೊಂಡು, ಮಾನ್ಯ ಸದಸ್ಯರ ಅಹವಾಲನ್ನು ಪರಿಶೀಲಿಸಲಾಗುವುದು ಅಂದ. ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕ್ಲಾಸು ನಕ್ಕಿತು, ಆ ಮನುಷ್ಯನೂ ನಕ್ಕ. ನಗುತ್ತಿರುವಾಗಲೇ ತಾನು ಎಲ್ಲಿದ್ದೇನೆ, ಯಾಕೆ ಬಂದಿದ್ದೇನೆ ಅನ್ನುವುದು ಅವನಿಗೆ ನೆನಪಾಗಿರಬೇಕು. ಮುಖ ಇಳಿದುಹೋಯಿತು. ಎದ್ದು ಹೊರಟೇಬಿಟ್ಟ. ಖಾಜಾ ಸರ್ ಬೆನ್ನ ಹಿಂದೆಯೇ ಹೋಗಿ ಗೇಟಿನವರೆಗೆ ಅವನ ಜೊತೆ ನಡೆದರು.

ತಿರುಗಿ ಬಂದಾಗ ಅವರ ಮುಖ ಬಿಳಿಚಿಕೊಂಡಿತ್ತು. ತಮಗೇನಾಗುತ್ತದೋ ಅನ್ನುವ ಚಿಂತೆ ಅಂದುಕೊಂಡೆವು. ಅವರು ಬಾಗಿಲು ಮುಂದಕ್ಕೆಳೆದು, "ಪಾಪ, ಬಾಯಿ ಬಿಟ್ಟುಬಿಟ್ಟಾನ. ಅವನೂ ಮಕ್ಕಳು ಮರಿ ಇದ್ದಾವ. ಇಲ್ಲಿ ಆಡಿದ್ದು ಯಾರು ಅಂತ ಯಾರೂ ಹೊರಗ ಅನಬ್ಯಾಡ್ರಿ," ಅಂತ ಕೈಮುಗಿದರು. ಅಧ್ಯಾಪಕರೊಬ್ಬರು ನಮಗೆ ಕೈಮುಗಿದದ್ದು ಅದೇ ಮೊದಲು.

ಆತ ಎಲ್ಲ ಶಾಂತವಾಗಿದೆ ಅಂತಲೇ ಬರೆದುಕೊಟ್ಟಿದ್ದ ಅಂತ ಕಾಣುತ್ತದೆ. ಆದರೆ ಕ್ಲಾಸಿನಲ್ಲಿ ಸರಕಾರದ ವಿರುದ್ಧ ಭಾಷಣವಾಯಿತು ಅನ್ನುವ ಗುಸುಗುಸು ವರಾಂಡದಿಂದ ಬಜಾರಿಗೆ ಹೋಗಿ, ಇನ್ನೆಲ್ಲೋ ಸುತ್ತಿ, ಪ್ರಿನ್ಸಿಪಾಲರ ಕೋಣೆಗೆ ಬಂತು. ಕೆಲವು ದಿನಗಳ ಮೇಲೆ ಖಾಜಾ ಸರ್ ಅವರನ್ನೂ ಸಭಾಧ್ಯಕ್ಷಳಾದ ನನ್ನನ್ನೂ ಕರೆಸಿದರು. ಒಳಗೆ ಪ್ರಿನ್ಸಿಪಾಲರ ಪಕ್ಕ ಹಿರಿಯ ಅಧಿಕಾರಿಯೊಬ್ಬರು ಕೂತಿದ್ದರು. ಮಾತಾಡಿದವರ ಹೆಸರು ಬೇಕು ಅಂದರು. ಹೆಸರು ಕೊಟ್ಟರೆ ಅಧ್ಯಾಪಕರ ಮೇಲೆ ಏನೂ ಬರುವುದಿಲ್ಲ ಅಂತಲೂ ಅಂದರು.

ನಾನು ಸರ್ ಪಕ್ಕದಲ್ಲೇ ನಿಂತಿದ್ದೆ. ಅವರ ಕಾಲು ನಡುಗುವುದು ಕಾಣುತ್ತಿತ್ತು. 'ನಿಮ್ಮವನೇ ರೀ ಮಾತಾಡಿದ್ದು' ಅಂದಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು, ಮತ್ತು ಅದು ನಿಜವೂ ಆಗಿತ್ತು. ಅವರು ಮೇಲಿನ ಗುಂಡಿಯನ್ನು ಹಾಕಲು ನೋಡಿದರು. ಅದು ಆಗಲೇ ಹಾಕಿತ್ತು.

"ವಿರೋಧ ಪಕ್ಷದ ನಾಯಕರ ಹೆಸರು ಹಿಡಿಯೋ ಪದ್ಧತಿ ನಮ್ಮ ಸಭೆದಾಗ ಇಲ್ರಿ ಸಾಬ್," ಅಂದರು. "ಈ ಹುಡುಗಿ ನಾ ಕಲಿಸಿದ್ದು ಅಂದಾಳ, ಅಷ್ಟ. ಕ್ಲಾಸು ನಂದು. ಏನ್ ಬರೀತೀರಿ, ನನ್ನ ಹೆಸರಿನ ಮ್ಯಾಲ ಬರ್ಕೋರಿ."

ಜೈಲಿಗೆ ಹಾಕಲಿಲ್ಲ. ವರ್ಗ ಮಾಡಿದರು. ದೇವದುರ್ಗದ ಜೂನಿಯರ್ ಕಾಲೇಜು. ಪದವಿ ಕ್ಲಾಸಿಗೆ ಪಾಠ ಮಾಡುವವರಿಗೆ ಅದು ಮೆಟ್ಟಿಲು ಇಳಿದ ಹಾಗೆಯೇ. ಹೆಣ್ಣುಮಕ್ಕಳ ಓದು ಕೆಡಬಾರದೆಂದು ಸಂಸಾರವನ್ನು ರಾಯಚೂರಿನಲ್ಲೇ ಬಿಟ್ಟು, ಒಂದು ಟ್ರಂಕು ಹಿಡಿದು ಹೋದರು. ಬಸ್ ನಿಲ್ದಾಣಕ್ಕೆ ನಾನೂ ಭೀಮಣ್ಣನೂ ಹೋಗಿದ್ದೆವು. ಅಲ್ಲಿ ಕಿಟಕಿ ಎಷ್ಟೆತ್ತರ ಇರ್ತಾವೋ ಏನೋ ಅಂತ ಅವರೇ ತಮಾಷೆ ಮಾಡಿದರು. ಬಸ್ಸು ಹೊರಟಾಗ ಗಟ್ಟಿಗಂಟಲಿನ ಭೀಮಣ್ಣ ಬಾಯಿಗೆ ಟವೆಲ್ ಒತ್ತಿಕೊಂಡು ನಿಂತಿದ್ದ. ನಾನು ಬಸ್ಸಿಗೆ ಬೆನ್ನು ಮಾಡಿ ಅತ್ತೆ.

ತುರ್ತು ಪರಿಸ್ಥಿತಿ ಹೋಯಿತು, ಸರಕಾರಗಳು ಬಂದು ಹೋದವು. ಸರ್ ಅವರನ್ನು ರಾಯಚೂರಿಗೆ ಮರಳಿ ಕರೆಸಬೇಕೆಂಬುದು ಮಾತ್ರ ಯಾರಿಗೂ ನೆನಪಾಗಲಿಲ್ಲ. ಅವರು ಕೇಳಲೂ ಇಲ್ಲ, ಕೇಳಲು ಅಂಜಿಕೆ. ದೇವದುರ್ಗದಲ್ಲೇ ನಿವೃತ್ತರಾಗಿ ಮಾನ್ವಿಯ ಹಳೆಯ ಮನೆ ಸೇರಿದರು. ಅಷ್ಟರಲ್ಲಿ ನಾನು ರಾಯಚೂರಿನಲ್ಲಿ ರಾಜ್ಯಶಾಸ್ತ್ರದ ಅಧ್ಯಾಪಕಿಯಾಗಿದ್ದೆ. ಕಲ್ಲೂರಿಗೆ ಹೋದಾಗಲೆಲ್ಲ ಮಾನ್ವಿಗೂ ಹೋಗಿ ನೋಡಿ ಬರುತ್ತಿದ್ದೆ. ಕೊನೆಯ ಸಲ ಕಂಡದ್ದು ಗ್ರಾಮ ಪಂಚಾಯತಿಯ ಚುನಾವಣೆ ಮುಗಿದ ಹೊಸತರಲ್ಲಿ. ಹೆಣ್ಣುಮಕ್ಕಳು ಆರಿಸಿ ಬಂದಿದ್ದು ಕೇಳಿ ಬಹಳ ಸಂತೋಷಪಟ್ಟರು. ಅವರಿಗೆ ಮಾತಾಡಲು ಬಿಡುತ್ತಾರೋ ಇಲ್ಲವೋ ಅಂತ ಅದಕ್ಕಿಂತ ಹೆಚ್ಚು ಚಿಂತೆಪಟ್ಟರು. ಮಾತಿನ ನಡುವೆ ಎದ್ದು ಹೋಗಿ ಕೊಂಡಿ ಮುಟ್ಟಿ ಬಂದರು.

ಅವರು ತೀರಿಕೊಂಡ ಮೇಲೆ ಮಾನ್ವಿಯ ಶಾಲೆಯೊಂದರ ಹಾಲಿನಲ್ಲಿ ಸಂತಾಪ ಸಭೆ ಇಟ್ಟಿದ್ದರು. ವೇದಿಕೆಯ ಮೇಲೆ ದೊಡ್ಡವರು ಬಹಳ ಜನ. ಅಂದು ನೋಟಿಸು ಹಚ್ಚಿದ್ದ ನಮ್ಮ ಪ್ರಿನ್ಸಿಪಾಲರೂ ಬಂದಿದ್ದರು. ಒಬ್ಬೊಬ್ಬರೂ ಎದ್ದು ನಿರ್ಭೀತರು, ಎದೆಗಾರರು, ಭಯವೆಂದರೆ ಏನೆಂದು ತಿಳಿಯದವರು ಅಂದರು. ಕೇಳುತ್ತ ಕೇಳುತ್ತ ನನಗೆ ಸಿಟ್ಟು ಬಂತು. ನಮ್ಮ ಸರ್ ಅವರನ್ನು ಪಕ್ಕಕ್ಕೆ ಸರಿಸಿ ಯಾರೋ ಬೇರೆಯವರಿಗೆ ಹಾರ ಹಾಕುತ್ತಿದ್ದರು.

ನನ್ನ ಸರದಿ ಬಂದಾಗ, ಇಲ್ಲಿಯವರೆಗೆ ಮಾತಾಡಿದವರ ಮಾತನ್ನು ನಾನು ಒಪ್ಪುವುದಿಲ್ಲ ಅಂದೆ. ಖಾಜಾ ಸರ್ ಬಹಳ ಅಂಜುತ್ತಿದ್ದರು. ದಿನವೂ, ಪ್ರತಿ ಕ್ಲಾಸಿನಲ್ಲೂ. ಆ ಕೋಣೆಯಲ್ಲಿ ಅವರ ಕಾಲು ನಡುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಜಿಕೆಯೇ ಇಲ್ಲದವರು ಮಾಡಿದ್ದರೆ ಅದರಲ್ಲಿ ಏನಿದೆ, ಅವರು ಅಂಜುತ್ತಂಜುತ್ತ ಮಾಡಿದರು. ಹಾಲಿನಲ್ಲಿ ಗುಜುಗುಜು ಎದ್ದಿತು. ಅಧ್ಯಕ್ಷರು ತಮ್ಮ ಮುಂದಿನ ನೀರಿನ ಲೋಟವನ್ನು ನನ್ನ ಕಡೆ ಸರಿಸಿ, ಮಾತು ಮುಗಿಸಬೇಕೆಂದು ಸನ್ನೆ ಮಾಡಿದರು.

ಅಲ್ಲಿಂದ ಮನೆಗೆ ಹೋದೆ. ಗಂಡ ತೀರಿದ ಮೇಲೆ ಮನೆಯೊಳಗೇ ಕಳೆಯಬೇಕಾದ ಇದ್ದತ್ತಿನಲ್ಲಿದ್ದ ಆಪಾ ಹೊರಗೆ ಬರುವಂತಿರಲಿಲ್ಲ. ಒಳಮನೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ಸಭೆಯಲ್ಲಿ ನಾನು ಆಡಿದ್ದನ್ನು ಹೇಳಿದೆ, ಬೇಸರವಾಯಿತೇನೋ ಅಂತ ಅಳುಕುತ್ತ. ಅವರು ನಕ್ಕರು.

"ಧೈರ್ಯವಂತರು ಅಂದ್ರಂತ ಹುಡುಗ್ರು ಬಂದು ಹೇಳಿದ್ರು," ಅಂದರು. "ಯಾರ ಗಂಡನ ಬಗ್ಗಿ ಹೇಳಾಕತ್ತಾರೋ ಅನಿಸ್ತು."

ನಗುತ್ತಲೇ ಕಣ್ಣು ತುಂಬಿಕೊಂಡರು. ಬಾಗಿಲ ಕೊಂಡಿಯ ಕಡೆ ನೋಡುತ್ತ ಅಂದರು: "ಇಷ್ಟು ವರ್ಷ ಬೈದೀನಿ. ಈಗ ಅದನ್ನ ಮುಟ್ಟಿ ನೋಡೋರು ಯಾರೂ ಇಲ್ಲ. ನನಗ ನಿದ್ದಿ ಹತ್ತಂಗಿಲ್ಲ ಬೇಟಿ. ಎದ್ದು ಹೋಗಿ ನಾನ ಮುಟ್ಟಿ ಬರ್ತೀನಿ. ಹಾಕೇ ಇರ್ತದ."

ಮಗಳೊಬ್ಬಳು ನನಗೆ ಕುಡಿಯಲು ನೀರು ತಂದು ಕೊಟ್ಟಳು. ಸ್ಟೀಲಿನ ಲೋಟ, ತುಂಬಿತ್ತು. ಬಾಯಾರಿತ್ತು, ಆದರೂ ಗುಟುಕು ಗುಟುಕಾಗಿ ಕುಡಿದೆ. ಆಪಾಗೆ ಆ ನಿಯಮ ಗೊತ್ತಿತ್ತು. ಲೋಟ ಖಾಲಿಯಾಗುವ ತನಕ ಅವರೂ ಮಾತಾಡಲಿಲ್ಲ.